ಪೋಸ್ಟ್ ಮಾಸ್ತರ್ ದೆವ್ವಕ್ಕೆ ಏನೇನು ಗೊತ್ತಿರಬಾರದು

ಹೋದ ಮಳೆಗಾಲದಲ್ಲಿ ನನ್ನ ಮೇಜಿಗೊಂದು ಹಸ್ತಪ್ರತಿ ಬಂತು. ತೀರ್ಥಹಳ್ಳಿಯ ಹಳೇ ಪೋಸ್ಟಾಫೀಸು, ದಾವಣಗೆರೆಯಿಂದ ವರ್ಗವಾಗಿ ಬಂದ ಗುಮಾಸ್ತೆ ಹುಡುಗಿ, ರಾತ್ರಿ ಬೀಗ ಹಾಕಿದ ಕೋಣೆಯೊಳಗೆ ಠಪ್ ಠಪ್ ಅಂತ ಠಸ್ಸೆ ಒತ್ತುವ ಸದ್ದು. 1971ರಲ್ಲಿ ತೀರಿಕೊಂಡ ಪೋಸ್ಟ್ ಮಾಸ್ತರ್ ಇನ್ನೂ ತಮ್ಮ ಕಾಲದ ಟಪಾಲನ್ನೇ ವಿಂಗಡಿಸುತ್ತಾ ಇದ್ದಾರೆ. ಇತ್ತ ಊರಲ್ಲಿ ಒಂದು ಅಡಿಕೆ ತೋಟದ ಜಗಳ; ಹಳೇ ಟ್ರಂಕಿನಲ್ಲಿ ಸಿಕ್ಕಿದ, 1970ರ ತಾರೀಖಿನ ಒಂದು ಉಯಿಲು. ಇನ್ನೂರು ಪುಟ ಕೂತಲ್ಲೇ ಓದಿ ಮುಗಿಸಿದೆ. ಇನ್ನೂರ ಹನ್ನೆರಡನೇ ಪುಟದಲ್ಲಿ ಮಾಸ್ತರರು ಪ್ರತ್ಯಕ್ಷರಾಗಿ, ಉಯಿಲು ಸುಳ್ಳು, ಬರೆದವನು ಇಂಥವನು ಎಂದು ಹೇಳಿ ಮಾಯವಾದರು. ಪೆನ್ಸಿಲ್ ಕೆಳಗಿಟ್ಟು ಲೇಖಕರಿಗೆ ಫೋನ್ ಮಾಡಿದೆ.

"ದೆವ್ವ ಅಲ್ವಾ ಮೇಡಂ, ಅದಕ್ಕೆ ಎಲ್ಲ ಗೊತ್ತಿರುತ್ತೆ" ಅಂದರು.

"ಎಲ್ಲ ಗೊತ್ತಿದ್ದರೆ ಮೊದಲನೇ ಪುಟದಲ್ಲೇ ಯಾಕೆ ಹೇಳಲಿಲ್ಲ ಸಾರ್? ಆ ಹುಡುಗಿಯನ್ನು ಇನ್ನೂರು ಪುಟ ಅಲೆಸಿದ್ದು ಯಾಕೆ?"

ಆ ಕಡೆ ಮಾತಿಲ್ಲ.

ಇದು ಅವರೊಬ್ಬರ ತೊಡಕಲ್ಲ. ಭಯಕ್ಕಿಂತ ಕುತೂಹಲ ಹೆಚ್ಚಿರುವ, ಸಣ್ಣ ಊರಲ್ಲಿ ನಡೆಯುವ, ದೆವ್ವವೂ ಒಂದು ಪಾತ್ರವಾಗಿರುವ ಪತ್ತೇದಾರಿ ಕಾದಂಬರಿಗಳು ಈಚೆಗೆ ನನ್ನ ಕೈಗೆ ಹೆಚ್ಚು ಬರುತ್ತಿವೆ. ಹೆಚ್ಚಿನವು ಮುಗ್ಗರಿಸುವುದು ಇದೇ ಜಾಗದಲ್ಲಿ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದಾಗ ಎರಡನೆಯದೇ ಇದು: ಅತಿಮಾನುಷ ಶಕ್ತಿಗಳಿಗೆ ಇಲ್ಲಿ ಪ್ರವೇಶವಿಲ್ಲ. ನಾಕ್ಸ್ ಕ್ಯಾಥೊಲಿಕ್ ಪಾದ್ರಿ. ಕಾಣದ ಲೋಕವನ್ನು ನಂಬುವುದೇ ವೃತ್ತಿಯಾಗಿದ್ದ ಮನುಷ್ಯ ಕಥೆಯೊಳಗೆ ಅದನ್ನು ಬಿಟ್ಟುಕೊಳ್ಳಲಿಲ್ಲ. ಅವರ ತಕರಾರು ದೇವರ ಮೇಲಲ್ಲ, ಮೋಸದ ಮೇಲೆ. ಓದುಗ ಸುಳಿವು ಹೆಕ್ಕುತ್ತಾ ಕೂತಿರುವಾಗ ಲೇಖಕ ಆಕಾಶದಿಂದ ಉತ್ತರ ಇಳಿಸಿದರೆ ಆಟ ಕೆಟ್ಟ ಹಾಗೇ.

ಆದರೆ ನಾಕ್ಸ್‌ಗೆ ನಮ್ಮ ದೆವ್ವಗಳ ಪರಿಚಯ ಇರಲಿಲ್ಲ. ಇವು ಸರ್ವಜ್ಞರಲ್ಲ, ಬಹಳ ಕಟ್ಟುಪಾಡಿನವು. 1990ರ ದಶಕದಲ್ಲಿ ಬೆಂಗಳೂರಿನ ಓಣಿಗಳಿಂದ ಸಣ್ಣಪುಟ್ಟ ಊರುಗಳವರೆಗೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದದ್ದು ನೆನಪಿದೆಯಲ್ಲ? ಆ ದೆವ್ವವನ್ನು ಕಾದಂಬರಿಕಾರರ ಕಣ್ಣಲ್ಲಿ ನೋಡಿ. ಅದಕ್ಕೆ ಕನ್ನಡ ಓದಲು ಬರುತ್ತದೆ. ಓದಿದ್ದನ್ನು ನಂಬುತ್ತದೆ. ಮರುದಿನ ಬಂದು ಅದೇ ಬರಹ ಓದಿ ಮತ್ತೆ ಹಿಂದಿರುಗುತ್ತದೆ; ಅಂದರೆ ನಿನ್ನೆಯದು ಅದಕ್ಕೆ ನೆನಪಿಲ್ಲ. ಗೊತ್ತಿರುವವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಆದರೆ ಮೊದಲ ಕೂಗಿಗೆ ಓಗೊಡದಿದ್ದರೆ ಬಚಾವು. ಮೋಹಿನಿ ಸುಣ್ಣ ಕೇಳುತ್ತಾಳೆ, ಪಾದ ಹಿಂದುಮುಂದು. ಬ್ರಹ್ಮರಾಕ್ಷಸನಿಗೆ ಕಲಿತ ವಿದ್ಯೆಯೇ ಶಾಪ. ಯಾವುದಕ್ಕೂ ಲಂಗುಲಗಾಮಿಲ್ಲದ ಅಧಿಕಾರ ಇಲ್ಲ. ಕಥೆ ಕಟ್ಟುವವನಿಗೆ ಅಜ್ಜಿಯರು ಆಗಲೇ ಅರ್ಧ ಕೆಲಸ ಮಾಡಿಕೊಟ್ಟಿದ್ದಾರೆ. ನಾವು ಅದನ್ನು ಬಿಟ್ಟು ಸಿನಿಮಾದ ಬಿಳಿ ಸೀರೆಯನ್ನೇ ಹಿಡಿದು ಜೋತಾಡುತ್ತೇವೆ.

ನನ್ನನ್ನು ಕೇಳಿದರೆ ಈ ಬಗೆಯ ಕಾದಂಬರಿಗೆ ನಮ್ಮಲ್ಲಿರುವ ಅತಿ ದೊಡ್ಡ ಗಣಿ ತುಳುನಾಡಿನ ಪ್ರೇತ ಮದುವೆ. ಮದುವೆಯಾಗದೆ, ಎಷ್ಟೋ ಸಲ ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೆ ವರ್ಷಗಳ ಮೇಲೆ ಸಂಬಂಧ ಹುಡುಕುತ್ತಾರೆ. ಬದುಕಿದ್ದರೆ ಈಗ ಎಷ್ಟು ವಯಸ್ಸಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ, ಬರಿ, ಅಂದರೆ ತುಳುವರ ಕುಲಗೋತ್ರ, ನೋಡುತ್ತಾರೆ, ಆಟಿ ತಿಂಗಳಲ್ಲಿ ಹುಡುಗ ಹುಡುಗಿಯ ಬಟ್ಟೆಬರೆ ಇಟ್ಟು ಧಾರೆ ಎರೆದು ಊಟ ಹಾಕುತ್ತಾರೆ. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟಿತ್ತು. ಹೊರಗಿನವರು ಬೆರಗಾದರು; ಅಲ್ಲಿನವರಿಗೆ ಅದು ಮನೆಯ ಕೆಲಸ, ಉಳಿದುಹೋದ ಒಂದು ಜವಾಬ್ದಾರಿ. ಈ ಪ್ರಕಾರಕ್ಕೆ ಬೇಕಾದ ಹಗುರ ಇಲ್ಲಿದೆ ಅನ್ನುವುದು ನನ್ನ ಎಣಿಕೆ. ನಡುನಡುವೆ ಜೋಕು ತುರುಕಿದರೆ ಕಥೆ ಹಗುರವಾಗುವುದಿಲ್ಲ. ಸತ್ತವಳು ಹೆದರಿಸುವ ಪೀಡೆಯಲ್ಲ, ಸೀರೆಯ ಬಣ್ಣದ ಬಗ್ಗೆ ಅತ್ತಿಗೆ ನಾದಿನಿಯರು ವಾದ ಮಾಡುವಷ್ಟು ಒಳಗಿನವಳು ಎಂದು ಬರೆಯುವವನಿಗೆ ಅನ್ನಿಸಬೇಕು. ಎರಡೂ ಕಡೆಯವರು ಒಪ್ಪಿ, ದಿನ ಗೊತ್ತಾಗಿ, ಆಮೇಲೆ ವರನ ಮನೆಯವರು ಹೇಳುವ ಹುಡುಗ ಯಾವ ದಾಖಲೆಯಲ್ಲೂ ಇಲ್ಲ ಎಂದು ತಿಳಿದರೆ? ಹುಟ್ಟೇ ಇಲ್ಲದವನ ಹೆಸರಲ್ಲಿ ಯಾಕೆ ಮದುವೆ? ಯಾರಾದರೂ ಬರೆದರೆ ನಾನೇ ಮೊದಲು ಓದುತ್ತೇನೆ. ನಂಬಿಕೆಯನ್ನು ಗೇಲಿ ಮಾಡಿ ಬರೆದರೆ ಮಾತ್ರ ಕಳಿಸಬೇಡಿ.

ಸಣ್ಣ ಊರಿನ ಬಗ್ಗೆಯೂ ಒಂದು ಮಾತು. ಅಲ್ಲಿ ಗುಟ್ಟು ಅಂದರೆ ಯಾರಿಗೂ ಗೊತ್ತಿಲ್ಲದ್ದಲ್ಲ, ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ್ದು. ಶಿವಮೊಗ್ಗಕ್ಕೆ ಹೋಗುವ ಮೊದಲ ಬಸ್ಸಿನ ಕಂಡಕ್ಟರಿಗೆ, ಕ್ಷೌರದಂಗಡಿಯವನಿಗೆ, ಹಾಲಿನ ಡೈರಿಯಲ್ಲಿ ಲೀಟರು ಬರೆದುಕೊಳ್ಳುವವನಿಗೆ ತಲಾ ಒಂದೊಂದು ತುಣುಕು ಗೊತ್ತಿರುತ್ತದೆ. ಪತ್ತೇದಾರಿಯ ಕೆಲಸ ಬಾಯಿ ಬಿಡಿಸುವುದು. ಭೂತಗನ್ನಡಿ ಹಿಡಿದು ನೆಲ ನೋಡುವ ನಾಯಕನನ್ನು ಅಂಥ ಊರು ಮಧ್ಯಾಹ್ನದೊಳಗೆ ಆಡಿಕೊಂಡು ಮುಗಿಸುತ್ತದೆ. ಹಾಗೇ, ಎಳ್ಳಮಾವಾಸ್ಯೆ ಜಾತ್ರೆ ಶುರುವಾಗಿ ಮುಗಿಯುವುದರೊಳಗೆ ನಾಲ್ಕು ಕೊಲೆ ಮಾಡಿಸಬೇಡಿ. ಸಾಲದ ಪತ್ರ, ಉಯಿಲು, ಕಾಣೆಯಾದ ದೇವರ ಒಡವೆ, ಇಷ್ಟೇ ಸಾಕು. (ಪುಟಕ್ಕೊಮ್ಮೆ ಬರುವ "ಹಬೆಯಾಡುವ ಬಿಸಿ ಬಿಸಿ ಕಾಫಿ"ಯನ್ನೂ ಸ್ವಲ್ಪ ಆರಲು ಬಿಡಿ.)

ಮಾಸ್ತರರ ವಿಷಯಕ್ಕೆ ಬರುತ್ತೇನೆ. ಹಸ್ತಪ್ರತಿಯ ಅಂಚಿನಲ್ಲಿ ನಾನು ಒಂದು ತಪ್ಪು ಗುರುತು ಹಾಕಿದ್ದೆ. 1970ರ ಆ ಉಯಿಲಿನಲ್ಲಿ ಸಾಕ್ಷಿಯ ವಿಳಾಸದ ಕೆಳಗೆ ಲೇಖಕರು 577432 ಎಂದು ತೀರ್ಥಹಳ್ಳಿಯ ಪಿನ್‌ಕೋಡ್ ಬರೆದಿದ್ದರು. ಬೆರಳಿಗೆ ಅಭ್ಯಾಸವಾಗಿ ಬಂದದ್ದು. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ಕ್ಕೆ. ಎರಡು ದಿನ ಬಿಟ್ಟು, ಪಾತ್ರೆ ತೊಳೆಯುತ್ತಿರುವಾಗ, ಹೊಳೆಯಿತು. ಮತ್ತೆ ಫೋನ್.

"ಸಾರ್, ಅದನ್ನು ತಿದ್ದಬೇಡಿ. ನಿಮ್ಮ ತಪ್ಪನ್ನು ಕಳ್ಳನ ತಪ್ಪು ಮಾಡಿ."

ಅವರಿಗೆ ಕೂಡಲೇ ತಿಳಿಯಿತು. ಉಯಿಲಿನಲ್ಲಿ "ಕರ್ನಾಟಕ ರಾಜ್ಯ" ಅಂತಲೂ ಹಾಕಲೇ ಎಂದು ಕೇಳಿದರು. ಬೇಡವೆಂದೆ, 1973ರ ನವೆಂಬರ್ 1ರವರೆಗೆ ನಾವು ಮೈಸೂರು ರಾಜ್ಯದವರಾಗಿದ್ದೆವು ಎನ್ನುವುದು ರಾಜ್ಯೋತ್ಸವದ ಭಾಷಣ ಕೇಳಿದವರಿಗೆಲ್ಲ ಗೊತ್ತು, ಆ ಸುಳಿವು ಬಹಳ ಸುಲಭ.

ಈಗ ಮಾಸ್ತರರಿಗೆ ಕಟ್ಟುಪಾಡು ಬೇಕಿತ್ತು. ಅದನ್ನು ಅವರ ನೌಕರಿಯಿಂದಲೇ ತೆಗೆದೆವು. ಬದುಕಿದ್ದಾಗ ಪರರ ಕಾಗದ ಒಡೆದು ಓದದ ಮನುಷ್ಯ ಸತ್ತ ಮೇಲೆ ಓದುತ್ತಾರೆಯೇ? ಅವರಿಗೆ ಕಾಣುವುದು ವಿಳಾಸ ಮಾತ್ರ. ಉಯಿಲಿನಲ್ಲಿ ಏನಿದೆಯೋ ಅವರಿಗೆ ಗೊತ್ತಿಲ್ಲ, ಬರೆದವನಾರು ಅನ್ನುವುದೂ ಗೊತ್ತಿಲ್ಲ. ಹೊಸ ಪ್ರತಿಯ ನಲವತ್ತಮೂರನೇ ಪುಟದಲ್ಲಿ ಹುಡುಗಿ ಆ ಕಾಗದವನ್ನು ಮೇಜಿನ ಮೇಲೆ ಮರೆತು ಹೋಗುತ್ತಾಳೆ. ಬೆಳಿಗ್ಗೆ ಬಂದಾಗ ಮಾಸ್ತರರು ಗೊಣಗುತ್ತಿದ್ದಾರೆ:

"ವಿಳಾಸದ ಕೆಳಗೆ ಅಡಿಕೆ ಲೆಕ್ಕ ಬರೆದಿಟ್ಟಿದಾರಲ್ಲಮ್ಮಾ, ಇದೆಂಥ ಕ್ರಮ?"

ಮುದುಕರ ಅರಳುಮರಳು ಅಂದುಕೊಂಡು ಅವಳು ಕಾಗದ ಮಡಿಸಿಡುತ್ತಾಳೆ. ಉಯಿಲು ಬಿಳಿ ಹಾಳೆಯಲ್ಲಿದ್ದರೂ ಇಬ್ಬರು ಸಾಕ್ಷಿ ಇದ್ದರೆ ನಡೆಯುತ್ತದೆ, ಹಾಗಾಗಿ ಛಾಪಾಕಾಗದದ ತಾರೀಖು ನೋಡಿ ಹಿಡಿಯುವಂತೆಯೂ ಇಲ್ಲ. ನೂರೈವತ್ತು ಪುಟ ಕಳೆದ ಮೇಲೆ ಆ ಗೊಣಗಾಟ ಅವಳಿಗೆ ನೆನಪಾಗುತ್ತದೆ. ಕೋರ್ಟಿನಲ್ಲಿ ದೆವ್ವದ ಹೆಸರೆತ್ತುವ ಅಗತ್ಯವೇ ಬರುವುದಿಲ್ಲ. 1970ರ ಕಾಗದದಲ್ಲಿ 1972ರ ಅಂಕಿ ಕೂತಿದೆ. ಮಾಸ್ತರರು ಬಿಡಿಸಿಕೊಟ್ಟದ್ದು ತಮಗೆ ಗೊತ್ತಿದ್ದುದರಿಂದಲ್ಲ, ಗೊತ್ತಿಲ್ಲದ್ದರಿಂದ. ನಾಕ್ಸ್ ಪಾದ್ರಿಯವರೂ ಇದಕ್ಕೆ ಒಪ್ಪುತ್ತಿದ್ದರೇನೋ.

ಕಳೆದ ವಾರ ಕರಡು ತಿದ್ದಿ ಬಂತು. ನಮ್ಮ ಪ್ರೂಫ್ ನೋಡುವ ಹುಡುಗಿಗೆ ಕಥೆಯ ಬಗ್ಗೆ ಏನೂ ಹೇಳಿರಲಿಲ್ಲ. ನಲವತ್ತಮೂರನೇ ಪುಟದಲ್ಲಿ ಆರೂ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ಬರೆದಿದ್ದಳು: "ಆಗ ಪಿನ್‌ಕೋಡ್ ಇರಲಿಲ್ಲ ಅನ್ಸುತ್ತೆ ಮೇಡಂ, ತೆಗೀಲಾ?"

ಪಕ್ಕದಲ್ಲಿ "ಹಾಗೇ ಇರಲಿ" ಎಂದು ಬರೆದು ವಾಪಸು ಕಳಿಸಿದೆ.