ಟೈರ್ ದ್ವೀಪವನ್ನು ದಡಕ್ಕೆ ಹೊಲಿದ ಮರಳು

ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರನ ಸೇನೆ ಟೈರ್ ನಗರದ ಎದುರು ಬಂದು ನಿಂತಾಗ ನಡುವೆ ಸುಮಾರು 700–800 ಮೀಟರ್ ಕಡಲಿತ್ತು. ಇಂದಿನ ಲೆಬನಾನಿನ ಕರಾವಳಿಯ ಈ ನಗರ ಆಗ ದ್ವೀಪ. ಸುತ್ತ ಕೋಟೆಗೋಡೆ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಬಂದರು, ಕಾವಲಿಗೆ ಟೈರಿಗರದೇ ಹಡಗುಗಳು. ಅವನ್ನು ಎದುರಿಸುವಷ್ಟು ನೌಕಾಬಲ ಅಲೆಕ್ಸಾಂಡರನಿಗೆ ಆಗ ಇರಲಿಲ್ಲ. ಹಾಗಾಗಿ ಕಡಲಿಗೇ ಕಲ್ಲು ಸುರಿದು ದಾರಿ ಮಾಡಲು ಹೊರಟ.

ಇದನ್ನು ಬರೀ ಹಟದ ಕಥೆಯಾಗಿ ಹೇಳಿದರೆ ಕಡಲ ತಳಕ್ಕೆ ಅನ್ಯಾಯವಾಗುತ್ತದೆ. ದಡದ ಸಮೀಪ ದ್ವೀಪವಿದ್ದರೆ ತೆರೆಗಳು ಅದರ ಎರಡು ತುದಿಗಳನ್ನೂ ಬಳಸಿ ಬಾಗುತ್ತವೆ, ಹಿಂಬದಿಗೆ ಬರುವಷ್ಟರಲ್ಲಿ ಕಸುವು ಕಳೆದುಕೊಳ್ಳುತ್ತವೆ. ದಡದುದ್ದಕ್ಕೂ ಸಾಗುತ್ತಿದ್ದ ಮರಳು ಆ ಶಾಂತ ನೀರಿನಲ್ಲಿ ತಳಕ್ಕಿಳಿಯುತ್ತದೆ. ಟೈರಿನ ಉತ್ತರಕ್ಕೆ ಲಿಟಾನಿ ನದಿ ಕಡಲು ಸೇರುವುದರಿಂದ ಮರಳಿಗೆ ಕೊರತೆಯಿರಲಿಲ್ಲ. ಹೀಗೆ ದ್ವೀಪವನ್ನೂ ದಡವನ್ನೂ ಜೋಡಿಸುವ ಮರಳುದಿಬ್ಬಕ್ಕೆ ಟೊಂಬೊಲೊ ಎಂದು ಹೆಸರು. ನಮ್ಮ ಕರಾವಳಿಯ ಬೆಂಗ್ರೆಯೂ, ಅಂದರೆ ಕಡಲಂಚಿನ ಉದ್ದನೆಯ ಮರಳು ನಾಲಿಗೆಯೂ, ಮರಳು ಸಾಗಿ ಬಂದೇ ಆದದ್ದು; ಆದರೆ ಅದರ ಒಂದು ತುದಿ ನೀರಿನಲ್ಲೇ ನಿಂತುಬಿಡುತ್ತದೆ. ಸಂಶೋಧಕ ನಿಕ್ ಮಾರಿನರ್ ಮತ್ತು ಸಂಗಡಿಗರು ಟೈರಿನ ನೆಲ ಕೊರೆದು, ಪದರ ಪದರವಾಗಿ ಹೂಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲೆಕ್ಸಾಂಡರನ ಕಾಲಕ್ಕೆ ಈ ದಿಬ್ಬ ನೀರಿನ ಮಟ್ಟಕ್ಕಿಂತ 1–2 ಮೀಟರ್ ಕೆಳಗಷ್ಟೇ ಇತ್ತು.

ಸಾಮಗ್ರಿ ಹತ್ತಿರದಲ್ಲೇ ಸಿಕ್ಕಿತು: ದಡದ ಮೇಲಿನ ಹಳೆಯ ಟೈರ್ ಊರನ್ನು ಕೆಡವಿ ಕಲ್ಲು, ಲೆಬನಾನ್ ಬೆಟ್ಟಗಳಿಂದ ಮರ. ದಡದ ಕಡೆಯ ಕೆಸರಿನಲ್ಲಿ ಗೂಟಗಳು ಸಲೀಸಾಗಿ ಇಳಿದವು. ಕಲ್ಲುಗಳನ್ನು ಹಿಡಿದಿಡುವ ಗಾರೆಯ ಕೆಲಸವನ್ನೂ ಆ ಕೆಸರೇ ಮಾಡಿತು. ತೊಂದರೆ ಶುರುವಾದದ್ದು ನಗರದ ಹತ್ತಿರ. ಪ್ರಾಚೀನ ಇತಿಹಾಸಕಾರ ಏರಿಯನ್ ಪ್ರಕಾರ ಅಲ್ಲಿ ಆಳ ಸುಮಾರು 5.5 ಮೀಟರ್, ಮೇಲಿಂದ ಬಾಣಗಳ ಮಳೆ. ಕೆಲಸಗಾರರ ರಕ್ಷಣೆಗೆಂದು ದಾರಿಯ ತುದಿಯಲ್ಲಿ ಎರಡು ಮರದ ಗೋಪುರಗಳನ್ನು ನಿಲ್ಲಿಸಿ, ಬೆಂಕಿ ತಾಗದಂತೆ ಹಸಿ ತೊಗಲು ಹೊದಿಸಿದರು.

ಟೈರಿಗರ ಉತ್ತರ ಅಷ್ಟೇ ಜಾಣತನದ್ದು. ಕುದುರೆ ಸಾಗಿಸುವ ದೊಡ್ಡ ಹಡಗೊಂದಕ್ಕೆ ಒಣಕಟ್ಟಿಗೆ, ರಾಳ, ಗಂಧಕ ತುಂಬಿದರು. ಮುಂಭಾಗದ ಎರಡು ಕಂಬಗಳ ಅಡ್ಡತೊಲೆಗಳಿಗೆ ಉರಿಯುವ ದ್ರವ್ಯದ ಕೊಪ್ಪರಿಗೆಗಳನ್ನು ತೂಗುಹಾಕಿದರು. ಹಿಂಭಾಗಕ್ಕೆ ಭಾರ ಹೇರಿದ್ದರಿಂದ ಮೂತಿ ಮೇಲೆದ್ದಿತು, ಕಲ್ಲುದಾರಿಯ ಮೇಲೇ ಹತ್ತಿ ಕೂರುವಷ್ಟು. ಗಾಳಿ ದಾರಿಯತ್ತ ಬೀಸುವ ಹೊತ್ತು ನೋಡಿ ಎಳೆದು ತಂದು ಬೆಂಕಿ ಕೊಟ್ಟರು. ತೊಲೆಗಳು ಸುಟ್ಟು ಮುರಿದಾಗ ಕೊಪ್ಪರಿಗೆಗಳು ಮಗುಚಿ ಉರಿ ಇಮ್ಮಡಿಸಿತು. ಹಸಿ ತೊಗಲು ಲೆಕ್ಕಕ್ಕೇ ಬರಲಿಲ್ಲ, ಗೋಪುರಗಳೆರಡೂ ಬೂದಿಯಾದವು.

ದಾರಿಯನ್ನು ಇನ್ನೂ ಅಗಲವಾಗಿ ಕಟ್ಟಲು ಆಜ್ಞೆಯಾಯಿತು. ಆದರೆ ಯುದ್ಧದ ದಿಕ್ಕು ಬದಲಿಸಿದ್ದು ಹಡಗುಗಳು ಎಂಬುದು ನನ್ನ ಅಭಿಪ್ರಾಯ. ಟೈರ್ ಸೇರಿದ್ದ ಫಿನೀಷಿಯ ಕರಾವಳಿಯ ಇತರ ನಗರಗಳಿಂದ ಸುಮಾರು 80, ಸೈಪ್ರಸ್‌ನಿಂದ ಸುಮಾರು 120 ಹಡಗುಗಳು ಅಲೆಕ್ಸಾಂಡರನ ಕಡೆ ಸೇರಿ ಎರಡೂ ಬಂದರುಗಳ ಬಾಯಿ ಕಟ್ಟಿದವು. ಗೋಡೆ ಕೆಡಹುವ ಯಂತ್ರಗಳೂ ಹಡಗೇರಿದವು. ಅವು ಹತ್ತಿರ ಬಾರದಂತೆ ಟೈರಿಗರು ಗೋಡೆಯ ಬುಡದ ನೀರಿಗೆ ಬಂಡೆಗಳನ್ನು ಕೆಡವಿದ್ದರು. ಬಂಡೆ ಎತ್ತಲು ಬಂದ ಹಡಗುಗಳ ಲಂಗರಿನ ಹಗ್ಗವನ್ನು ಮುಳುಗುಗಾರರು ನೀರೊಳಗೇ ಕೊಯ್ದರು. ಹಗ್ಗದ ಬದಲು ಸರಪಳಿ ಬಂದ ಮೇಲೆ ಆ ಉಪಾಯ ನಡೆಯಲಿಲ್ಲ.

ಕಲ್ಲುದಾರಿಯ ಎದುರಿನ ಗೋಡೆ ಬಲವಾಗಿತ್ತು, ಅದು ಬೀಳಲಿಲ್ಲ. ಬಿರುಕು ಬಿಟ್ಟಿದ್ದು ದಕ್ಷಿಣದ ಗೋಡೆ. ಅಲ್ಲಿ ಹಡಗಿನಿಂದ ಸೇತುವೆ ಹಲಗೆ ಚಾಚಿ ಸೈನಿಕರು ಒಳನುಗ್ಗಿದರು. ಏಳು ತಿಂಗಳ ಮುತ್ತಿಗೆ ಮುಗಿಯುವಾಗ ಸುಮಾರು 8,000 ಟೈರಿಗರು ಸತ್ತಿದ್ದರು; ಸುಮಾರು 30,000 ಜನರನ್ನು ಗುಲಾಮರಾಗಿ ಮಾರಲಾಯಿತು ಎಂದು ಏರಿಯನ್ ಬರೆದಿದ್ದಾನೆ.

ಸೇನೆ ಹೋಯಿತು, ಕಲ್ಲುದಾರಿ ಉಳಿಯಿತು. ದ್ವೀಪ ಮತ್ತು ದಡದ ನಡುವೆ ಹರಿಯುತ್ತಿದ್ದ ನೀರಿಗೆ ಅಡ್ಡ ಬಿದ್ದದ್ದರಿಂದ ಮರಳು ಅದರ ಎರಡೂ ಬದಿಗೆ ಒಟ್ಟತೊಡಗಿತು. ನೀರೊಳಗಿನ ದಿಬ್ಬ ನೆಲವಾಯಿತು, ದ್ವೀಪ ಪರ್ಯಾಯ ದ್ವೀಪವಾಯಿತು. ಉತ್ತರದ ಬಂದರಿನ ಒಂದು ಭಾಗವನ್ನೂ ಹೂಳು ತುಂಬಿತು. ಇಂದು ದಡದಿಂದ ಆಗಿನ ದ್ವೀಪಕ್ಕೆ ನಡೆದೇ ಹೋಗಬಹುದು. ಅಲೆಕ್ಸಾಂಡರನ ಕಲ್ಲುಗಳು ನಡುವಿನ ಬೀದಿಗಳ ಕೆಳಗೆ, ಮರಳಿನೊಳಗಿವೆ.