ರ‍್ಯಾಮ್ ಜಾಸ್ತಿಯಾದರೆ ಕೆಡುವ ಯುಎಸ್‌ಬಿ

2019ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಉಬುಂಟುವಿನ 19.10 ಆವೃತ್ತಿ ಬಂದಾಗ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡಿದ್ದವರಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. 1 ಜಿಬಿ, 2 ಜಿಬಿ ಬೋರ್ಡ್‌ಗಳಲ್ಲಿ ಏನೂ ತಕರಾರಿಲ್ಲ. ದುಡ್ಡು ಜಾಸ್ತಿ ಕೊಟ್ಟು 4 ಜಿಬಿ ಬೋರ್ಡ್ ತಂದವರಿಗೆ ಮಾತ್ರ 64 ಬಿಟ್ ಉಬುಂಟುವಿನಲ್ಲಿ ಯುಎಸ್‌ಬಿ ಪೋರ್ಟ್‌ಗಳು ಕೆಲಸ ಮಾಡುತ್ತಿರಲಿಲ್ಲ. ಕೀಬೋರ್ಡ್ ಚುಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ತಾತ್ಕಾಲಿಕ ಪರಿಹಾರ ಇನ್ನೂ ತಮಾಷೆಯದು: ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಬರೆದು ಒಟ್ಟು ಮೆಮೊರಿಯನ್ನು 3072 ಎಂಬಿಗೆ ಇಳಿಸಿ. ಒಂದು ಜಿಬಿ ಬಿಟ್ಟುಕೊಟ್ಟರೆ ಯುಎಸ್‌ಬಿ ವಾಪಸ್!

ಸಾಧನಗಳನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಬರೆಯುವವರಿಗೆ ಇದನ್ನು ಕೇಳಿದ ಕೂಡಲೇ ಒಂದೇ ಅನುಮಾನ ಬರುತ್ತದೆ: ಡಿಎಂಎ, ಅಂದರೆ ಸಾಧನ ತಾನೇ ನೇರವಾಗಿ ಮೆಮೊರಿ ಮುಟ್ಟುವ ವಿಧಾನ. ನೆಟ್‌ವರ್ಕ್ ಕಾರ್ಡ್, ಡಿಸ್ಕ್, ಯುಎಸ್‌ಬಿ ಕಂಟ್ರೋಲರ್ ಇವೆಲ್ಲ ಪ್ರತಿ ಬೈಟಿಗೂ ಸಿಪಿಯುವನ್ನು ಕೇಳುತ್ತ ಕೂರುವುದಿಲ್ಲ. ಡ್ರೈವರ್ ಒಂದು ಮೆಮೊರಿ ವಿಳಾಸ ಕೊಡುತ್ತದೆ, ಸಾಧನವೇ ನೇರವಾಗಿ ಅಲ್ಲಿ ಓದಿ ಬರೆದುಕೊಳ್ಳುತ್ತದೆ. ತೊಡಕು ಇರುವುದು ಆ ವಿಳಾಸದಲ್ಲೇ. ಸಿಪಿಯುಗೆ ಎಟುಕುವ ಮೆಮೊರಿಯೆಲ್ಲ ಸಾಧನಕ್ಕೂ ಎಟುಕಬೇಕೆಂದಿಲ್ಲ. ಹಳೇ ಐಎಸ್‌ಎ ಬಸ್ಸಿನ (ಕಾರ್ಡ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ) ಕಾಲದ ಡಿಎಂಎಗೆ 24 ಬಿಟ್ ವಿಳಾಸ, ಅಂದರೆ 16 ಎಂಬಿ. ಅದರ ನಂತರ ಬಂದ ಪಿಸಿಐ ಬಸ್ಸಿನ ಸಾಮಾನ್ಯ ಕಾರ್ಡ್‌ಗೆ 32 ಬಿಟ್, 4 ಜಿಬಿ.

32 ಬಿಟ್ ಸಾಧನಕ್ಕೆ 5 ಜಿಬಿ ಆಚೆಯ ವಿಳಾಸ ಕೊಟ್ಟರೆ ಏನಾಗುತ್ತದೆ? ಸಾಮಾನ್ಯವಾಗಿ ಯಾವ ಎರರ್ ಕೂಡ ಬರುವುದಿಲ್ಲ. ರಿಜಿಸ್ಟರ್‌ನಲ್ಲಿ ಜಾಗ ಇಲ್ಲದೆ ಮೇಲಿನ ಬಿಟ್ ಉದುರಿಹೋಗಿ ವಿಳಾಸ 1 ಜಿಬಿ ಆಗುತ್ತದೆ. ಸಾಧನ ನಿಷ್ಠೆಯಿಂದ ಅಲ್ಲಿಗೇ ಬರೆಯುತ್ತದೆ. ಅಲ್ಲಿ ಬೇರೆ ಯಾವುದೋ ಪ್ರೋಗ್ರಾಮ್‌ನ ಡೇಟಾ ಇತ್ತು ಅಂದುಕೊಳ್ಳಿ. ಕ್ರ್ಯಾಶ್ ಆಗುವುದು ಆ ಪ್ರೋಗ್ರಾಮ್, ಅದೂ ಎಷ್ಟೋ ಹೊತ್ತಿನ ಮೇಲೆ. ಲಾಗ್‌ನಲ್ಲಿ ನಿಜವಾದ ಕಳ್ಳನ ಹೆಸರೇ ಇರುವುದಿಲ್ಲ.

ಇದನ್ನು ತಡೆಯಲು ಲಿನಕ್ಸ್ ಡ್ರೈವರ್ ಶುರುವಿನಲ್ಲೇ ಡಿಎಂಎ ಮಾಸ್ಕ್ ಹೇಳಬೇಕು: ನನ್ನ ಸಾಧನಕ್ಕೆ ಇಷ್ಟು ಬಿಟ್ ಎಟುಕುತ್ತದೆ ಅಂತ. ಉಳಿದದ್ದು ಲಿನಕ್ಸ್‌ನ ತಿರುಳಾದ ಕರ್ನಲ್ ಪಾಲಿನ ಕೆಲಸ. ಕೆಳಗಿನ ಮೆಮೊರಿಯನ್ನು ಅದು ಬೇರೆ ವಲಯಗಳಾಗಿ ಇಟ್ಟಿರುತ್ತದೆ, ಡ್ರೈವರ್ ಬಫರ್ ಕೇಳಿದಾಗ ಅಲ್ಲಿಂದ ಕೊಡುತ್ತದೆ. ಸಾಧನ ಕೇಳುವ ವಿಳಾಸವನ್ನು ಬದಲಿಸಿಕೊಡುವ ಐಒಎಂಎಂಯು ಎಂಬ ಹಾರ್ಡ್‌ವೇರ್ ಇರುವ ಯಂತ್ರದಲ್ಲಿ ಇನ್ನೂ ಸಲೀಸು. ಮೇಲಿನ ಪುಟಕ್ಕೆ ಒಂದು ಕೆಳಗಿನ ವಿಳಾಸ ಕಟ್ಟಿ ಸಾಧನಕ್ಕೆ ಅದನ್ನೇ ತೋರಿಸುತ್ತದೆ.

ಐಒಎಂಎಂಯು ಇಲ್ಲ, ಡೇಟಾ ಆಗಲೇ ಮೇಲಿನ ಮೆಮೊರಿಯಲ್ಲಿ ಕೂತಿದೆ ಅಂದರೆ? ಆಗ ಬರುವುದು ಬೌನ್ಸ್ ಬಫರ್, ಸಾಧನಕ್ಕೆ ಎಟುಕುವ ಕಡೆ ಇಟ್ಟ ನಡುವಿನ ಜಾಗ. ಲಾರಿ ಓಣಿಯೊಳಗೆ ಬರದಿದ್ದರೆ ಸಾಮಾನನ್ನು ಮುಖ್ಯರಸ್ತೆಯಲ್ಲೇ ಇಳಿಸಿ, ಅಲ್ಲಿಂದ ಮನೆಗೆ ಹೊರುತ್ತೇವಲ್ಲ, ಹಾಗೆ. ಲಿನಕ್ಸ್‌ನಲ್ಲಿ ಇದರ ಹೆಸರು ಎಸ್‌ಡಬ್ಲ್ಯುಐಒಟಿಎಲ್‌ಬಿ. ಬೂಟ್ ಆಗುವಾಗಲೇ ಕೆಳಗಿನ ಮೆಮೊರಿಯಲ್ಲಿ ಜಾಗ ಹಿಡಿದಿಡುತ್ತದೆ, ಸಾಮಾನ್ಯವಾಗಿ 64 ಎಂಬಿ. 2 ಕೆಬಿಯ 32768 ಸ್ಲಾಟ್‌ಗಳು. ಒಂದು ಸಲಕ್ಕೆ 256 ಕೆಬಿಗಿಂತ ದೊಡ್ಡ ತುಂಡು ಹಿಡಿಸುವುದಿಲ್ಲ.

ಡ್ರೈವರ್‌ಗಳ ಬಣ್ಣ ಬಯಲಾಗುವುದು ಇಲ್ಲೇ. ಸಾಧನ ಬರೆದ ಡೇಟಾ ಮೊದಲು ಬಂದು ಬೀಳುವುದು ಬೌನ್ಸ್ ಬಫರ್‌ಗೆ. ಡ್ರೈವರ್ ಅನ್‌ಮ್ಯಾಪ್ (ಬಫರ್‌ನ ಜೋಡಣೆ ಬಿಚ್ಚುವುದು) ಅಥವಾ ಸಿಂಕ್ (ಎರಡೂ ಕಡೆಯ ಡೇಟಾ ಹೊಂದಿಸುವುದು) ಕರೆದಾಗ ಮಾತ್ರ ಅದು ಅಸಲಿ ಬಫರ್‌ಗೆ ಕಾಪಿಯಾಗುತ್ತದೆ. ಆದರೆ ಎಷ್ಟೋ ಡ್ರೈವರ್‌ಗಳು ಬಫರನ್ನು ಒಂದೇ ಸಲ ಮ್ಯಾಪ್ ಮಾಡಿ ಮತ್ತೆ ಮತ್ತೆ ಬಳಸುತ್ತವೆ, ಸಿಂಕ್ ಕರೆಯುವುದೇ ಇಲ್ಲ. ಎಕ್ಸ್86 ಪಿಸಿಯಲ್ಲಿ ಸಿಪಿಯುವಿನ ಕ್ಯಾಶ್‌ನಲ್ಲಿ (ಮೆಮೊರಿಯ ಪ್ರತಿ ಇಟ್ಟುಕೊಳ್ಳುವ ಜಾಗ) ಹಳೇ ಡೇಟಾ ಉಳಿಯುವ ತೊಂದರೆ ಇಲ್ಲವಾದ್ದರಿಂದ ಅದು ವರ್ಷಗಟ್ಟಲೆ ಸುಮ್ನೆ ನಡೆದುಹೋಗುತ್ತದೆ. ಗ್ರಾಹಕರು ರ‍್ಯಾಮ್ ಏರಿಸಿದ ದಿನ ಬೌನ್ಸ್ ಶುರು. ಪ್ಯಾಕೆಟ್ ಬಂದಿದೆ ಅಂತ ಇಂಟರಪ್ಟ್ ಬರುತ್ತದೆ, ಬಫರ್ ತೆರೆದರೆ ಹಳೇ ಪ್ಯಾಕೆಟ್! ಆಮೇಲೆ ಹಾರ್ಡ್‌ವೇರ್ ತಂಡಕ್ಕೆ ಬೈಗುಳ.

ಪೈ 4ರ ಕಥೆಯಲ್ಲಿ ಇನ್ನೊಂದು ತಿರುವಿದೆ. ಅಲ್ಲಿನ ಯುಎಸ್‌ಬಿ ಚಿಪ್ ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಕೂತಿದೆ. ಮೊದಲ ಬೋರ್ಡ್‌ಗಳ ಪ್ರೊಸೆಸರ್‌ನಲ್ಲಿ ಆ ಬಸ್ಸಿಗೆ ಎಟುಕುತ್ತಿದ್ದದ್ದು ಕೆಳಗಿನ 3 ಜಿಬಿ ಮಾತ್ರ. ಅದಕ್ಕೇ 3072. ಪ್ರೊಸೆಸರ್‌ನ ಬೇರೆ ಬಹುಪಾಲು ಭಾಗಗಳಿಗೆ ಇನ್ನೂ ಕಡಿಮೆ, ಮೊದಲ 1 ಜಿಬಿ. ಅಂದರೆ ಮಿತಿ ಚಿಪ್‌ನಲ್ಲೇ ಇರಬೇಕೆಂದಿಲ್ಲ, ದಾರಿಯಲ್ಲೂ ಇರಬಹುದು. ಹಾಗಾಗಿ ಡ್ರೈವರ್ ತನ್ನ ಚಿಪ್ ಬಗ್ಗೆ ಎಷ್ಟೇ ಸರಿಯಾದ ಮಾಸ್ಕ್ ಹೇಳಿದರೂ ಸಾಲದು. ಬಸ್ಸಿನ ಮಿತಿಯನ್ನು ಬೋರ್ಡ್‌ನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀಯಲ್ಲಿ ಡಿಎಂಎ-ರೇಂಜಸ್ ಅಂತ ಬರೆಯಬೇಕು, ಕರ್ನಲ್ ಎರಡನ್ನೂ ನೋಡಿ ಚಿಕ್ಕದನ್ನು ಹಿಡಿಯಬೇಕು. ಪೈನಂಥ ಆರ್ಮ್ ಪ್ರೊಸೆಸರ್‌ಗಳ 64 ಬಿಟ್ ಕರ್ನಲ್ ಅಲ್ಲಿಯವರೆಗೆ ಎಲ್ಲರಿಗೂ ಕನಿಷ್ಠ 32 ಬಿಟ್ ಎಟುಕುತ್ತದೆ ಎಂದೇ ನಂಬಿತ್ತು. 1 ಜಿಬಿಯ ಪ್ರತ್ಯೇಕ ವಲಯ ಸೇರಿದ್ದು ಲಿನಕ್ಸ್ 5.5ರಲ್ಲಿ, 2020ರ ಜನವರಿಯಲ್ಲಿ.

ನಮ್ಮ ಯಂತ್ರದಲ್ಲಿ ಇರುವುದೇ 4 ಜಿಬಿ, ನಮಗ್ಯಾಕೆ ಇದೆಲ್ಲ ಅನ್ನುವವರಿದ್ದಾರೆ. ಪಿಸಿಯಲ್ಲಿ 4 ಜಿಬಿ ಗೆರೆಯ ಕೆಳಗಿನ ಒಂದಿಷ್ಟು ವಿಳಾಸಗಳನ್ನು ಪಿಸಿಐ ಸಾಧನಗಳೇ ಹಿಡಿದಿರುತ್ತವೆ. ಅಲ್ಲಿರಬೇಕಿದ್ದ ರ‍್ಯಾಮ್ ಗೆರೆಯ ಮೇಲಕ್ಕೆ ಹೋಗುತ್ತದೆ. ಹಾಗಾಗಿ 4 ಜಿಬಿ ಯಂತ್ರದಲ್ಲೂ ಈ ಪೀಡೆ ಇದ್ದದ್ದೇ.

ಬಫರ್ ತುಂಬಿದೆ ಎಂದು ಎಸ್‌ಡಬ್ಲ್ಯುಐಒಟಿಎಲ್‌ಬಿ ಲಾಗ್‌ನಲ್ಲಿ ಕೂಗಿದರೆ ತುಂಬಾ ಜನ ಮಾಡುವುದು ಬೂಟ್ ಆಯ್ಕೆಯಲ್ಲಿ ಅದರ ಗಾತ್ರ ಹೆಚ್ಚಿಸುವುದು. ನನಗೆ ಅದು ಹಿಡಿಸುವುದಿಲ್ಲ. ಮೊದಲು ಡ್ರೈವರ್‌ನ ಮಾಸ್ಕ್ ನೋಡಿ. ಮಾಸ್ಕ್ ಹೇಳುವುದನ್ನೇ ಮರೆತಿದ್ದರೆ ಕರ್ನಲ್ 32 ಬಿಟ್ ಅಂತ ಹಿಡಿಯುತ್ತದೆ, 64 ಬಿಟ್ ಕಾರ್ಡ್ ಕೂಡ ಸುಮ್ನೆ ಕಾಪಿ ಹೊಡೆಯುತ್ತ ಕೂರುತ್ತದೆ. ಡೇಟಾ ಕೆಡುವ ದೂರು ಬಂದರೆ ಮೆಮೊರಿ ಮಿತಿಯನ್ನು 2 ಜಿಬಿಗೆ ಇಳಿಸಿ ಬೂಟ್ ಮಾಡಿ. ದೂರು ಮಾಯವಾದರೆ ಹುಡುಕಬೇಕಾದ ಜಾಗ ಸಿಕ್ಕಿತು. ಹೊಸ ಡ್ರೈವರ್ ಹೊರಗೆ ಬಿಡುವ ಮೊದಲು ಎಸ್‌ಡಬ್ಲ್ಯುಐಒಟಿಎಲ್‌ಬಿಗೆ ಫೋರ್ಸ್ ಅಂತ ಕೊಟ್ಟು ಒಂದು ರಾತ್ರಿ ಓಡಿಸಿ. ಆಗ ಪ್ರತಿ ಡಿಎಂಎ ಮ್ಯಾಪಿಂಗೂ ಬೌನ್ಸ್ ಆಗುತ್ತದೆ, ಮರೆತ ಸಿಂಕ್‌ಗಳು ನಮ್ಮ ಮೇಜಿನ ಮೇಲೇ ಸಿಕ್ಕಿಬೀಳುತ್ತವೆ.