ಹುಟ್ಟು ತೂಕ, ಓಡಾಟ ಮತ್ತು ಹೃದಯ: ಕಮ್ಯುನಿಟಿ ಮೆಡಿಸಿನ್ ಓದುತ್ತಿರುವವರಿಗೆ ಟಿಪ್ಪಣಿ

ಮೊದಲು 2,500 ಗ್ರಾಂ ಗೆರೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹುಟ್ಟಿದಾಗ ಅದಕ್ಕಿಂತ ಕಡಿಮೆ ತೂಗಿದರೆ ಅದು ಕಡಿಮೆ ತೂಕದ ಮಗು. ಸರಿಯಾಗಿ 2,500 ಇದ್ದರೆ ಅಲ್ಲ. ಒಂದು ಅಂಕದ ಪ್ರಶ್ನೆ ಅಂತ ಬಿಟ್ಟುಬಿಡಬೇಡಿ. ದಾವಣಗೆರೆ ಸುತ್ತಲ ಹಳ್ಳಿಗಳಿಗೆ ಪೋಸ್ಟಿಂಗ್ ಹೋದಾಗ ಹತ್ತಿಪ್ಪತ್ತು ತಾಯಿ ಕಾರ್ಡ್ ಹರವಿಕೊಂಡು ತೂಕದ ಕಾಲಂ ಮಾತ್ರ ಓದುತ್ತಾ ಹೋಗಿ: 2.5, 3, 2.8, 2.5, 2.5. ಕೈಯಲ್ಲಿ ಬರೆಯುವ ದಾಖಲೆಗಳಲ್ಲಿ ತೂಕ ದುಂಡು ಸಂಖ್ಯೆಗೆ ವಾಲುವುದು ಎಲ್ಲ ಕಡೆ ಇರುವ ಚಾಳಿ. 2,430 ಗ್ರಾಂ ಇದ್ದ ಕೂಸು 2.5 ಆಗಿ ಗೆರೆ ದಾಟಿಬಿಡುತ್ತದೆ, ಲೆಕ್ಕದಿಂದಲೂ ಜಾರಿಹೋಗುತ್ತದೆ.

ಪಕ್ಕದಲ್ಲೇ ಬಸಿರಿನ ವಾರಗಳ ಕಾಲಂ ಇರುತ್ತದೆ, ಅದನ್ನು ಬಿಟ್ಟು ತೂಕ ಓದಬಾರದು. 34 ವಾರಕ್ಕೆ ಹುಟ್ಟಿದ 2.2 ಕೆ.ಜಿ. ಕೂಸು ತನ್ನ ವಾರಕ್ಕೆ ತಕ್ಕಷ್ಟೇ ಬೆಳೆದಿದೆ, ಬೇಗ ಬಂದಿದೆ ಅಷ್ಟೆ. 39 ವಾರ ತುಂಬಿಯೂ 2.2 ಇದ್ದರೆ ಹೊಟ್ಟೆಯೊಳಗೇ ಬೆಳವಣಿಗೆ ಕುಂಟಿದೆ ಎಂದರ್ಥ. ನಮ್ಮ ಪಾಠಕ್ಕೆ ಮುಖ್ಯವಾದದ್ದು ಈ ಎರಡನೆಯ ಕೂಸು.

ಇನ್ನು ಹುಟ್ಟು ತೂಕಕ್ಕೂ ಮುಂದೆ ಬರುವ ಹೃದಯದ ಕಾಯಿಲೆಗೂ ನಂಟು ಕಂಡ ಇತಿಹಾಸ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಆರೋಗ್ಯ ಸಂದರ್ಶಕಿಯರು ಹುಟ್ಟಿದಾಗಿನ ತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆದಿಡುತ್ತಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು ಸಂಶೋಧಕ ಡೇವಿಡ್ ಬಾರ್ಕರ್ ತಂಡ 5,654 ಗಂಡಸರ ಸಾವಿನ ಕಾರಣ ಹುಡುಕಿತು, 1989ರಲ್ಲಿ ಪ್ರಕಟಿಸಿತು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ಸಣ್ಣಗಿದ್ದವರೇ ಹೃದಯಾಘಾತದಿಂದ ಹೆಚ್ಚು ಸತ್ತಿದ್ದರು. ಉತ್ತರ ಪತ್ರಿಕೆಯಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಮ್ಮದೇ ರಾಜ್ಯದ ದಾಖಲೆ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿದ 517 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಸುಮಾರು 2.5 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ 11% ಇತ್ತು, ಮೂರು ಕೆ.ಜಿ. ಮೀರಿದ್ದವರಲ್ಲಿ 3%. 1996ರ ವರದಿ ಇದು. ಶುಗರ್ ವಿಷಯದಲ್ಲಿ ಮಾತ್ರ ಮೈಸೂರು ಬೇರೆ ಕಥೆ ಹೇಳಿತು. ಅಲ್ಲಿ ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ತಾಯಿ ದಪ್ಪಗಿದ್ದವರಲ್ಲಿ ಮಧುಮೇಹ ಹೆಚ್ಚು. ಸಣ್ಣ ಕೂಸು ಎಂದರೆ ಶುಗರ್ ಗ್ಯಾರಂಟಿ ಅಂತ ಬರೆದರೆ ಅರ್ಧ ಉತ್ತರ ಅಷ್ಟೇ.

ಯಾಕೆ ಹೀಗಾಗುತ್ತದೆ? ಮಾಸಿನ ಮೂಲಕ ಬರುವ ಪೋಷಣೆ ಕಡಿಮೆಯಾದಾಗ ಭ್ರೂಣ ಮೆದುಳನ್ನು ಉಳಿಸಿಕೊಂಡು ಮಿಕ್ಕ ಅಂಗಗಳಲ್ಲಿ ಉಳಿತಾಯ ಮಾಡುತ್ತದೆ. ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಘಟಕಗಳು, ಅಂದರೆ ನೆಫ್ರಾನ್‌ಗಳು, ಕಡಿಮೆಯಾಗುತ್ತವೆ. ಹುಟ್ಟಿದ ಮೇಲೆ ಹೊಸ ನೆಫ್ರಾನ್ ಹುಟ್ಟುವುದು ಬಹುತೇಕ ಇಲ್ಲ, ಇರುವವೇ ಹೆಚ್ಚು ದುಡಿಯಬೇಕು, ಬಿಪಿ ಏರುವುದಕ್ಕೆ ಇದೂ ಒಂದು ದಾರಿ. ಇನ್ಸುಲಿನ್ ತಯಾರಿಸುವ ಜೀವಕೋಶಗಳೂ ಕಡಿಮೆ. ಸ್ನಾಯು ಕಡಿಮೆ, ಆದರೆ ಕೊಬ್ಬು ಅಷ್ಟಾಗಿ ಕಡಿಮೆಯಲ್ಲ. ಪುಣೆ ಸುತ್ತಲ ಹಳ್ಳಿಗಳಲ್ಲಿ ಸಂಶೋಧಕ ಯಾಜ್ಞಿಕ್ ಅವರ ತಂಡ ಅಳೆದಾಗ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ., ಇಂಗ್ಲೆಂಡಿನವು ಸುಮಾರು 3.5. ಅಷ್ಟು ತೆಳ್ಳಗಿದ್ದರೂ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟೊಂದು ಅಂತರ ಇರಲಿಲ್ಲ.

ಈಗ ಕಷ್ಟದ ಭಾಗ. "ಸಣ್ಣ ಕೂಸು ಹುಟ್ಟೈತ್ರಿ, ಜಲ್ದಿ ದುಂಡಗಾಗ್ಲಿ" ಅಂತ ಅಜ್ಜಿಯರು ಹೇಳುವುದನ್ನು ನೀವೆಲ್ಲ ಕೇಳಿರುತ್ತೀರಿ. ದೆಹಲಿಯಲ್ಲಿ ಹುಟ್ಟಿನಿಂದ ಹಿಂಬಾಲಿಸಿದವರ ಅಧ್ಯಯನ (2004) ತೋರಿಸಿದ್ದೇನೆಂದರೆ, ಮೊದಲೆರಡು ವರ್ಷ ತೆಳ್ಳಗಿದ್ದು ಆಮೇಲೆ ಬಾಲ್ಯದಿಂದ ಯೌವನದವರೆಗೆ ಒಂದೇ ಸಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಏರಿಸಿಕೊಂಡವರಲ್ಲಿ ಶುಗರ್ ಹೆಚ್ಚು, ಅವರು ಕಣ್ಣಿಗೆ ಅಂಥ ದಪ್ಪ ಕಾಣದಿದ್ದರೂ. ಹಾಗಂತ ಕೂಸಿನ ಹಾಲಿಗೆ ಕತ್ತರಿ ಹಾಕುವುದಲ್ಲ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲೂಟ, ಅದರಲ್ಲಿ ಚೌಕಾಸಿ ಇಲ್ಲ. ಎರಡು ವರ್ಷದೊಳಗೆ ಉದ್ದ ಬೆಳೆಯಲಿ. ಶಾಲೆಯ ವಯಸ್ಸಿನಲ್ಲಿ ಬರೀ ಹೊಟ್ಟೆ ಬೆಳೆಯುವುದೇ ತೊಂದರೆ.

ಸಂಖ್ಯಾಶಾಸ್ತ್ರದ ಒಂದು ಬಲೆಯೂ ಇದೆ, ವೈವಾದಲ್ಲಿ ಕೇಳಿದರೆ ತಡವರಿಸಬೇಡಿ. ಈಗಿನ ತೂಕಕ್ಕೆ ಸರಿಹೊಂದಿಸಿದ (ಅಂದರೆ ಈಗ ಒಂದೇ ತೂಕ ಇರುವವರನ್ನು ಹೋಲಿಸಿದಂತೆ ಲೆಕ್ಕ ಹಾಕಿದ) ಮೇಲಷ್ಟೇ ಹುಟ್ಟು ತೂಕದ ಪ್ರಭಾವ ಕಂಡರೆ, ನೀವು ನೋಡುತ್ತಿರುವುದು ಹುಟ್ಟು ತೂಕವನ್ನಲ್ಲ, ಹುಟ್ಟಿನಿಂದ ಇಲ್ಲಿಯವರೆಗೆ ಏರಿದ ತೂಕವನ್ನು.

ಓಡಾಟ ಎಲ್ಲಿ ಬರುತ್ತದೆ? ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಸ್ನಾಯುವಿನ ಪಾಲೇ ಕಡಿಮೆ ಇರುವವರಿಗೆ ಇದು ದೊಡ್ಡ ಲಾಭ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹುಟ್ಟಿದವರ ಅಧ್ಯಯನದಲ್ಲಿ ಶುಗರ್ ತೊಂದರೆಯಿಂದ ನಿಯಮಿತ ವ್ಯಾಯಾಮ ಕೊಡುವ ರಕ್ಷಣೆ ಸಣ್ಣಗೆ ಹುಟ್ಟಿದವರಲ್ಲೇ ಹೆಚ್ಚಾಗಿ ಕಂಡಿತು. ನನಗೆ ಈ ಇಡೀ ಅಧ್ಯಾಯದಲ್ಲಿ ತುಂಬಾ ಉಪಯುಕ್ತ ಅನ್ನಿಸಿದ್ದು ಇದೇ. ಹುಟ್ಟು ತೂಕ ಮತ್ತು ಬಿಪಿ ಸಂಬಂಧದಲ್ಲಿ ಬಹುಪಾಲು ವಂಶವಾಹಿಗಳದ್ದೇ, ಹೊಟ್ಟೆಯೊಳಗಿನ ಪೋಷಣೆಯದ್ದಲ್ಲ ಎಂದು 2019ರ ದೊಡ್ಡ ಜೀನ್ ಅಧ್ಯಯನವೊಂದು ವಾದಿಸಿದೆ. ಆ ಜಗಳ ಹೇಗೇ ತೀರ್ಮಾನವಾಗಲಿ, ನಡೆದರೆ ಸಿಗುವ ಲಾಭವಂತೂ ಕಡಿಮೆಯಾಗುವುದಿಲ್ಲ.

ಪ್ರಮಾಣ ನೆನಪಿಡಿ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಧ್ಯಮ ಎಂದರೆ ಮಾತಾಡಬಹುದು, ಹಾಡಲು ಉಸಿರು ಸಾಲಬಾರದು. ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಬೀಸುಗಾಲು ಹಾಕುವವರು ಇದರೊಳಗೆ ಬರುತ್ತಾರೆ. ನಿಂತು ನಿಂತು ಹರಟುತ್ತಾ, ವಾಪಸು ಬರುವಾಗ ಬೆಣ್ಣೆದೋಸೆಗೆ ಕೂರುವವರು ಬರುವುದಿಲ್ಲ. ಗರ್ಭಿಣಿಗೂ ಬೇರೆ ತೊಂದರೆ ಇಲ್ಲದಿದ್ದರೆ ವಾರಕ್ಕೆ 150 ನಿಮಿಷ ಎಂದೇ ಶಿಫಾರಸು, ಆದರೆ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವಳಿಗೆ ವಾಕಿಂಗ್ ಹೇಳಬೇಡಿ. ಅವಳಿಗೆ ಬೇಕಿರುವುದು ಊಟ ಮತ್ತು ಬಿಡುವು.

ಕೇಸ್ ಬರೆಯುವಾಗ ಅರವತ್ತು ದಾಟಿದವರನ್ನು "ಹುಟ್ಟಿದಾಗ ಎಷ್ಟಿದ್ರಿ ಅಜ್ಜಾ?" ಅಂತ ಕೇಳಿ ಪ್ರಯೋಜನವಿಲ್ಲ. ಮನೆಯಲ್ಲೇ ಹುಟ್ಟಿದವರನ್ನು ತಕ್ಕಡಿಗೆ ಹಾಕಿದವರು ಯಾರು? ಟೇಪು ತೆಗೆದು ಸೊಂಟ ಅಳೆಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಬಿಪಿ, ಶುಗರ್ ಎರಡನ್ನೂ ಅದೇ ಭೇಟಿಯಲ್ಲಿ ನೋಡಿ.